ಲೋಟ ಹಿಡಿದು ಬೀದಿಗೆ ಇಳಿಯುವ ಮುನ್ನ

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ರಾಜಧಾನಿ ರಾಲಿಗೆ ಹೊಸದಾಗಿ ಬಂದವರು ಶನಿವಾರ ಸಂಜೆ ಫಯೆಟ್‌ವಿಲ್ ಬೀದಿಗೆ ಹೋದರೆ ಒಂದು ನೋಟಕ್ಕೆ ತಬ್ಬಿಬ್ಬಾಗುತ್ತಾರೆ. ಒಂದು ಕೈಯಲ್ಲಿ ಮಗುವಿನ ತಳ್ಳುಗಾಡಿ, ಇನ್ನೊಂದು ಕೈಯಲ್ಲಿ ಬಿಯರ್ ಲೋಟ, ಅಂಗಡಿಗಳ ಗಾಜಿನಲ್ಲಿ ಇಣುಕುತ್ತಾ ಸಾಗುವ ಸಂಸಾರಸ್ಥರು. ಪೊಲೀಸರು ಎದುರಿಗೇ ಹಾದುಹೋದರೂ ಏನೂ ಅನ್ನುವುದಿಲ್ಲ. ಇದನ್ನು ನೋಡಿ, ಈ ದೇಶದಲ್ಲಿ ಎಲ್ಲಿ ಬೇಕಾದರೂ ಕುಡಿಯಬಹುದು ಎಂದುಕೊಂಡವರು ನಮ್ಮವರಲ್ಲೇ ಇದ್ದಾರೆ. ಕುಡಿಯಬಹುದು, ಆದರೆ ಆ ಬೀದಿಯಲ್ಲಿ, ಆ ಲೋಟದಲ್ಲಿ, ಆ ಹೊತ್ತಿನಲ್ಲಿ ಮಾತ್ರ. ಎರಡು ಬೀದಿ ಆಚೆ ಅದೇ ಬಿಯರ್ ಅಪರಾಧ.

ಇಂಥ ಪ್ರದೇಶವನ್ನು ಇಲ್ಲಿ ಸೋಷಿಯಲ್ ಡಿಸ್ಟ್ರಿಕ್ಟ್ ಎನ್ನುತ್ತಾರೆ. ಕೊರೊನಾ ಕಾಲದಲ್ಲಿ ಊರ ನಡುವಿನ ಹೋಟೆಲು, ಬಾರುಗಳು ಬಿಕೋ ಎನ್ನುತ್ತಿದ್ದಾಗ 2021ರ ಸೆಪ್ಟೆಂಬರಿನಲ್ಲಿ ನಾರ್ತ್ ಕೆರೊಲಿನಾ ಸರ್ಕಾರ ಕಾನೂನು ತಂದು ನಗರಗಳಿಗೆ ಈ ಅಧಿಕಾರ ಕೊಟ್ಟಿತು. ರಾಜ್ಯ ಒತ್ತಾಯ ಮಾಡುವುದಿಲ್ಲ; ಬೇಕೋ ಬೇಡವೋ, ಯಾವ ಬೀದಿಗಳು, ಎಷ್ಟು ಗಂಟೆಯವರೆಗೆ ಎಂಬುದನ್ನು ನಗರಸಭೆ ತೀರ್ಮಾನಿಸುತ್ತದೆ. ಓಹಾಯೊ ಇದನ್ನು 2015ರಲ್ಲೇ ಮಾಡಿತ್ತು, ಮಿಷಿಗನ್ 2020ರಲ್ಲಿ ಮಾಡಿತು. ನಮ್ಮಲ್ಲಿ ಮೊದಲು ಶುರುಮಾಡಿದ್ದು ಷಾರ್ಲೆಟ್ ಬಳಿಯ ಕನ್ನಾಪೊಲಿಸ್. ಹೆಸರು ಕೇಳಿ ಹಿಗ್ಗಬೇಡಿ, ಅದಕ್ಕೂ ಕನ್ನಡಕ್ಕೂ ನಂಟಿಲ್ಲ. ಟವೆಲು, ಹಾಸಿಗೆ ಬಟ್ಟೆ ನೇಯುತ್ತಿದ್ದ ಕ್ಯಾನನ್ ಗಿರಣಿಯ ಊರು ಅದು. ರಾಲಿಯಲ್ಲಿ 2022ರ ಆಗಸ್ಟಿನಲ್ಲಿ ಬಂತು.

ಲೋಟದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ಲೋಟವೇ ಪರವಾನಗಿ. ಪ್ರದೇಶದೊಳಗಿನ ಬಾರಿನಲ್ಲಿ ಕೊಂಡದ್ದಾಗಿರಬೇಕು. ಗಾಜಿನದಾಗಿರಕೂಡದು, ಹದಿನಾರು ಔನ್ಸಿಗಿಂತ, ಅಂದರೆ ಸುಮಾರು 470 ಮಿಲಿಲೀಟರಿಗಿಂತ ದೊಡ್ಡದಿರಕೂಡದು. ಅದರ ಮೇಲೆ ಮಾರಿದ ಅಂಗಡಿಯ ಗುರುತು, ಪ್ರದೇಶದ ಲಾಂಛನ, ಜವಾಬ್ದಾರಿಯಿಂದ ಕುಡಿಯಿರಿ, ವಯಸ್ಸು ಇಪ್ಪತ್ತೊಂದಾಗಿರಲಿ ಎಂಬ ಎಚ್ಚರಿಕೆ ಎಲ್ಲವೂ ಇರುತ್ತವೆ. ಮನೆಯಿಂದ ತಂದ ಬಾಟಲಿಯನ್ನು ಇದಕ್ಕೆ ಬಗ್ಗಿಸಿಕೊಳ್ಳುವ ಜಾಣತನ ಬೇಡ. ಬಟ್ಟೆ ಅಂಗಡಿ, ಪುಸ್ತಕದ ಅಂಗಡಿಗಳೊಳಗೆ ಲೋಟ ಒಯ್ಯಬಹುದೋ ಇಲ್ಲವೋ ಎಂಬುದು ಮಾಲೀಕರ ಇಷ್ಟ. ಬಾಗಿಲಿಗೆ ಅಂಟಿಸಿದ ಚೀಟಿ ನೋಡಿಕೊಂಡು ಕಾಲಿಡಿ. ಗಡಿಯಲ್ಲಿ ಫಲಕವಿರುತ್ತದೆ. ಅಲ್ಲಿಗೆ ಬಂದಾಗ ಉಳಿದದ್ದನ್ನು ಕುಡಿದು ಮುಗಿಸಬೇಕು, ಇಲ್ಲವೇ ಚೆಲ್ಲಬೇಕು.

ಶಿವಮೊಗ್ಗದಿಂದ ಬಂದಿದ್ದ ನಮ್ಮ ಅತ್ತೆಯನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅವರು ಬೈಯುತ್ತಾರೆ ಎಂದು ಅಂಜಿಕೊಂಡೇ ವಿವರಿಸಿದೆ. ಫಲಕದ ಹತ್ತಿರ ಒಬ್ಬ ಹುಡುಗ ಅರ್ಧ ಲೋಟ ಬಿಯರನ್ನು ಗಟಗಟನೆ ಮುಗಿಸಿ, ಲೋಟವನ್ನು ಕಸದ ಡಬ್ಬಿಗೆ ಹಾಕಿ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಆಚೆ ದಾಟಿದ. ಅತ್ತೆ ಅವನನ್ನೇ ನೋಡುತ್ತಿದ್ದವರು, "ಗೊತ್ತಾಯಿತು ಬಿಡು, ನಮ್ಮ ಮನೆಯ ಮಡಿ ಇದ್ದ ಹಾಗೆ. ಹೊಸ್ತಿಲು ದಾಟಿದರೆ ಮೈಲಿಗೆ" ಎಂದರು. ನಾನು ಹತ್ತು ಜನರಿಗೆ ಹತ್ತು ಸಲ ಹೇಳಿದ್ದನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದರು.

ವಯಸ್ಸಿನ ಪುರಾವೆಗೆ ಇಲ್ಲಿನ ಚಾಲನಾ ಪರವಾನಗಿ ಬರುವವರೆಗೆ ಪಾಸ್‌ಪೋರ್ಟ್ ಇಟ್ಟುಕೊಳ್ಳಿ. ತಲೆ ನರೆತಿದ್ದರೂ ಕೇಳುತ್ತಾರೆ, ಅವಮಾನವೆಂದು ಭಾವಿಸಬೇಡಿ. ಇನ್ನು ವಿಸ್ಕಿ, ರಮ್ ಬಾಟಲಿ ಬೇಕಾದವರು ಕಿರಾಣಿ ಅಂಗಡಿಯಲ್ಲಿ ಹುಡುಕಿ ಬೇಸರ ಮಾಡಿಕೊಳ್ಳುತ್ತಾರೆ. ಅಲ್ಲಿ ಬಿಯರು, ವೈನು ಮಾತ್ರ. ಗಟ್ಟಿ ಮದ್ಯದ ಬಾಟಲಿ ಸಿಗುವುದು ಎಬಿಸಿ ಎಂಬ ಸರ್ಕಾರಿ ಮದ್ಯದ ಮಳಿಗೆಯಲ್ಲಿ, ನಮ್ಮ ಎಂಎಸ್‌ಐಎಲ್ ಮಳಿಗೆಯ ದೂರದ ನೆಂಟ ಎನ್ನಿ. ಭಾನುವಾರ ಬೀಗ.

ನಾನು ನಿಜವಾಗಿ ಹೆದರುವುದು ವಾಪಸಿನ ದಾರಿಗೆ. ಬೀದಿಯಲ್ಲಿ ಕುಡಿಯಲು ಬಿಟ್ಟರು ಎಂದ ಮಾತ್ರಕ್ಕೆ ಕಾರಿನ ಕಾನೂನು ಸಡಿಲವಾಗಿಲ್ಲ. ರಕ್ತದಲ್ಲಿ ಮದ್ಯದ ಪ್ರಮಾಣ ಶೇಕಡಾ 0.08 ಮುಟ್ಟಿದರೆ ಸಾಕು, ಬಂಧನ. ತೆರೆದ ಲೋಟವನ್ನು ಪಕ್ಕದ ಸೀಟಿನಲ್ಲಿ ಕೂತವರು ಹಿಡಿದಿದ್ದರೂ ತಪ್ಪೇ. ವೀಸಾದ ಮೇಲೆ ಇರುವವರಿಗೆ ದಂಡದೊಂದಿಗೆ ಕಥೆ ಮುಗಿಯುವುದಿಲ್ಲ. ಕುಡಿದು ಓಡಿಸಿ ಸಿಕ್ಕಿಬಿದ್ದರೆ ನ್ಯಾಯಾಲಯದ ತೀರ್ಪು ಬರುವ ಮೊದಲೇ ಅಮೆರಿಕದ ವಿದೇಶಾಂಗ ಇಲಾಖೆ ವೀಸಾ ರದ್ದು ಮಾಡಬಹುದು. ಇಲ್ಲಿ ಇರುವಷ್ಟು ದಿನ ಕೆಲಸ ನಡೆದೀತು. ಊರಿಗೆ ಹೋದಾಗ ಹೊಸ ವೀಸಾಗೆ ಅರ್ಜಿ ಹಾಕಬೇಕು, ಅದರಲ್ಲಿ ಬಂಧನವಾಗಿತ್ತೇ ಎಂದು ಕೇಳುತ್ತಾರೆ, ವೈದ್ಯಕೀಯ ತಪಾಸಣೆಗೂ ಕಳಿಸುತ್ತಾರೆ. ತಂಗಿಯ ಮದುವೆಗೆಂದು ಹೊರಟು ಚೆನ್ನೈ ದೂತಾವಾಸದ ಉತ್ತರಕ್ಕಾಗಿ ತಿಂಗಳುಗಟ್ಟಲೆ ಕಾಯುತ್ತಾ ಕೂತ ಹುಡುಗನೊಬ್ಬನನ್ನು ನಾನು ಬಲ್ಲೆ. ಅವನು ಕುಡಿದದ್ದು ಎರಡೇ ಲೋಟ ಎಂದು ಈಗಲೂ ಹೇಳುತ್ತಾನೆ.

ಆದ್ದರಿಂದ ಕಾರನ್ನು ಮನೆಯಲ್ಲೇ ಬಿಟ್ಟು ಬಸ್ಸಿನಲ್ಲೋ ಟ್ಯಾಕ್ಸಿಯಲ್ಲೋ ಬನ್ನಿ. ಕುಡಿಯದವರೂ ಬರಬಹುದು. ನಮ್ಮ ಅತ್ತೆ ಅಂದು ನಿಂಬೆ ಪಾನಕ ಹಿಡಿದು ಫಲಕದ ಆಚೆಗೆ ಒಂದು ಹೆಜ್ಜೆ, ಈಚೆಗೆ ಒಂದು ಹೆಜ್ಜೆ ಇಟ್ಟು ನನ್ನ ಮುಖ ನೋಡಿ ನಗುತ್ತಿದ್ದರು.