ಹದಿಮೂರನೇ ಲೆವೆಲ್‌ಗೆ ಬಂದ್ಮೇಲೂ ನಾನು ಬಿಡದೇ ಇಟ್ಕೊಂಡಿರೋ ಚಿಕ್ಕ ಸ್ಪೆಲ್‌ಗಳು: ನನ್ನ ಅನುಭವ

ನಾವು ಐದು ಜನ, ಮೈಸೂರಿನ ಸರಸ್ವತಿಪುರಂನಲ್ಲಿ ಒಬ್ರ ಮನೆ ಮಹಡಿ ಮೇಲೆ ಭಾನುವಾರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತೀವಿ, ಒಬ್ಬೊಬ್ರು ಒಂದೊಂದು ಪಾತ್ರ ಆಗಿ ದಾಳ ಎಸೆದು ಕಥೆ ಮುಂದುವರ್ಸೋ ಆಟ. 2014ರ ಐದನೇ ಎಡಿಷನ್ ರೂಲ್ಸು, 2024ರಲ್ಲಿ ಹೊಸ ಪುಸ್ತಕ ಬಂತು ಆದ್ರೆ ನಾವು ಕಥೆ ಅರ್ಧದಲ್ಲಿದ್ವಿ ಅಂತ ಹಳೇದನ್ನೇ ಮುಂದುವರ್ಸಿದ್ವಿ. ಡಿಎಂ, ಅಂದ್ರೆ ಕಥೆ ನಡೆಸಿ ಶತ್ರುಗಳನ್ನ ಆಡಿಸೋರು, ನಮ್ಮ ಫೈಟರ್ (ಯೋಧನ ಪಾತ್ರ) ಆಡೋನ ಸ್ವಂತ ಅಕ್ಕ, ನಾವೆಲ್ರೂ ಅಕ್ಕ ಅಂತಾನೇ ಕರೆಯೋದು. ಕ್ಲೆರಿಕ್ (ಗಾಯ ವಾಸಿ ಮಾಡೋ ಪೂಜಾರಿ ಥರದ ಪಾತ್ರ) ಆಡೋನು ಮಂಡ್ಯದಿಂದ ಟ್ರೈನಲ್ಲಿ ಬರ್ತಾನೆ, ಬರೋವಾಗ ಬೋಗಿಲೇ ಮದ್ದೂರು ವಡೆ ಕಟ್ಟಿಸ್ಕೊಂಡು ಬರ್ತಾನೆ. ನಾನು ವಿಝರ್ಡ್, ಅಂದ್ರೆ ಮಂತ್ರವಾದಿ, ಒಂದನೇ ಲೆವೆಲ್‌ನಿಂದ ಇವತ್ತಿನವರೆಗೂ ಅದೇ ಕ್ಯಾರೆಕ್ಟರ್.

ಹದಿಮೂರನೇ ಲೆವೆಲ್ ಆದ ದಿನ ನಾನು ಒಂದು ತಪ್ಪು ಮಾಡ್ದೆ, ಇದನ್ನ ಬರೀತಿರೋದೇ ಅದಕ್ಕೆ. ನನ್ನ ಇಂಟೆಲಿಜೆನ್ಸ್ 20, ಅಂದ್ರೆ ದಿನಕ್ಕೆ 18 ಸ್ಪೆಲ್ (ಮಂತ್ರ) ಪ್ರಿಪೇರ್ ಮಾಡ್ಬೋದು, ಅಂದ್ರೆ ಪುಸ್ತಕದಿಂದ ಆರಿಸಿ ಇಟ್ಕೋಬೋದು. ಪಾತ್ರಕ್ಕೆ ಇರೋ ಹಾಗೆ ಸ್ಪೆಲ್‌ಗೂ ಒಂದು ಲೆವೆಲ್ ಇರುತ್ತೆ, ಅದು ಬೇರೆ ಲೆಕ್ಕ. ಆರನೇ ಲೆವೆಲ್ದು, ಏಳನೇ ಲೆವೆಲ್ದು ಸ್ಪೆಲ್‌ಗಳೆಲ್ಲ ಪುಸ್ತಕದಲ್ಲಿ ಬಂದು ಕೂತಿದ್ವು, ಜಾಗ ಸಾಲ್ತಿರ್ಲಿಲ್ಲ, ಇನ್ನು ಈ ಸಣ್ಣಪುಟ್ಟವು ಯಾಕೆ ಅಂತ ಶೀಲ್ಡು (ಏಟು ತಪ್ಪಿಸೋದು), ಅಬ್ಸಾರ್ಬ್ ಎಲಿಮೆಂಟ್ಸು (ಬೆಂಕಿ ಥರದ ಡ್ಯಾಮೇಜ್ ಅರ್ಧ ಮಾಡೋದು), ಮಿಸ್ಟಿ ಸ್ಟೆಪ್ಪು (ಕ್ಷಣದಲ್ಲಿ ಬೇರೆ ಜಾಗಕ್ಕೆ ಹೋಗೋದು) ಮೂರನ್ನೂ ತೆಗೆದುಬಿಟ್ಟೆ. ಅವತ್ತೇ ಅಕ್ಕ ಅಡಲ್ಟ್ ರೆಡ್ ಡ್ರ್ಯಾಗನ್ ಬಿಟ್ರು.

ಮೊದಲು ಫೈಟರ್ ಮೇಲೆ ಹೇಸ್ಟ್ ಹಾಕ್ದೆ, ಅವನ ವೇಗ ಹೆಚ್ಚಿಸೋ ಸ್ಪೆಲ್ಲು. ಆಮೇಲಿನ ಟರ್ನಲ್ಲಿ ಡಿಸಿಂಟಿಗ್ರೇಟ್, ಸರಾಸರಿ 75 ಡ್ಯಾಮೇಜ್ ಕೊಡೋ ಸ್ಪೆಲ್ಲು, ಸ್ಲಾಟ್ ಅಂದ್ರೆ ಸ್ಪೆಲ್ ಹಾಕೋಕೆ ದಿನಕ್ಕೆ ಇಷ್ಟು ಅಂತ ಸಿಗೋ ಅವಕಾಶ, ಆರನೇ ಲೆವೆಲ್‌ದು ನನಗಿರೋದೇ ಒಂದು. ಡ್ರ್ಯಾಗನ್ ಸೇವ್ (ತಪ್ಪಿಸ್ಕೊಳ್ಳೋಕೆ ಎಸೆಯೋ ದಾಳ) ಫೇಲ್ ಆಯ್ತು, ನಾನು ಕುರ್ಚಿಯಿಂದ ಎದ್ದೇಬಿಟ್ಟೆ, ಅಕ್ಕ ಶಾಂತವಾಗಿ "ಲೆಜೆಂಡರಿ ರೆಸಿಸ್ಟೆನ್ಸ್ ಬಳಸುತ್ತೆ" ಅಂದ್ರು, ಫೇಲಾದ ಸೇವನ್ನ ಪಾಸ್ ಮಾಡ್ಕೊಳ್ಳೋ ಶಕ್ತಿ ಅದು. ಸೇವ್ ಪಾಸ್ ಆದ್ರೆ ಡಿಸಿಂಟಿಗ್ರೇಟ್‌ಲಿ ಅರ್ಧ ಡ್ಯಾಮೇಜೂ ಇಲ್ಲ, ಸೊನ್ನೆ. ಆಮೇಲೆ ಬೆಂಕಿ ಉಗುಳ್ತು, 18ಡಿ6, ಅಂದ್ರೆ ಆರು ಮುಖದ 18 ದಾಳ, ಒಟ್ಟು 66 ಬಂತು. ನನ್ನ ಹತ್ರ ಆಗ ಉಳಿದಿದ್ದು 61 ಹಿಟ್ ಪಾಯಿಂಟ್ (ಜೀವದ ಲೆಕ್ಕ). ಸೇವ್‌ಗೆ 21 ಬರ್ಬೇಕಿತ್ತು, ನನಗೆ ಆಗ್ಲಿಲ್ಲ. ಬಿದ್ದೆ. ನಾನು ಬಿದ್ದ ತಕ್ಷಣ ಹೇಸ್ಟನ್ನ ನಿಲ್ಲಿಸಿದ್ದ ಕಾನ್ಸಂಟ್ರೇಷನ್ (ಗಮನ) ಹೋಯ್ತು, ಹೇಸ್ಟ್ ಕಳಚ್ತು, ಹೇಸ್ಟ್ ಕಳಚಿದ್ರೆ ಅದು ಯಾರ ಮೇಲಿತ್ತೋ ಅವರು ತಮ್ಮ ಮುಂದಿನ ಟರ್ನ್ ಮುಗಿಯೋವರೆಗೆ ಅಲ್ಲಾಡೋಕಾಗಲ್ಲ ಏನೂ ಮಾಡೋಕಾಗಲ್ಲ, ಅಂದ್ರೆ ನನ್ನ ಜೊತೆ ಫೈಟರೂ ಡ್ರ್ಯಾಗನ್ ಬಾಯಿ ಮುಂದೆ ಕಂಬದ ಥರ ನಿಂತ.

ಅವತ್ತು ನಮ್ಮನ್ನ ಉಳಿಸಿದ್ದು ಏನು ಗೊತ್ತಾ, ಕ್ಲೆರಿಕ್‌ನ ಒಂದನೇ ಲೆವೆಲ್ ಹೀಲಿಂಗ್ ವರ್ಡು. ಅವನು 50 ಅಡಿ ದೂರದಲ್ಲಿ ಇದ್ದ, ಹತ್ರ ಓಡಿ ಬರೋ ಹಾಗೇ ಇರ್ಲಿಲ್ಲ, ಬೋನಸ್ ಆಕ್ಷನ್‌ಲಿ (ಮುಖ್ಯ ಆಕ್ಷನ್ ಜೊತೆ ಸಿಗೋ ಚಿಕ್ಕ ಆಕ್ಷನ್) ಒಂದು ಮಾತು ಹೇಳ್ದ, ನನಗೆ 7 ಹಿಟ್ ಪಾಯಿಂಟ್ ಬಂತು, ಕಣ್ಣು ಬಿಟ್ಟೆ, ಫೈಟರ್‌ನ ಹಿಡ್ಕೊಂಡು ಡೈಮೆನ್ಷನ್ ಡೋರ್ (ಒಮ್ಮೆಲೇ ದೂರಕ್ಕೆ ಹೋಗೋ ಸ್ಪೆಲ್) ಹಾಕ್ದೆ. ಉಳಿದೋರು ಹಿಂದಿದ್ದ ಗುಹೆ ಬಾಯಿಂದ ಓಡಿದ್ರು. ಏಳು ಪಾಯಿಂಟ್ ಅನ್ನೋದು ಆ ಲೆವೆಲ್‌ಗೆ ಏನೂ ಅಲ್ಲ ನಿಜ, ಆದ್ರೆ ಬಿದ್ದೋನು ಎದ್ದ ಅನ್ನೋದೇ ಅಲ್ಲಿ ಲೆಕ್ಕ, ಎಷ್ಟು ಅನ್ನೋದಲ್ಲ.

ಸಂಜೆ ಕಾಫಿ ಕುಡೀತಾ ಕ್ಲೆರಿಕ್ ಅಂದ, "ಕಬ್ಬು ತಿನ್ನೋನು ತುದಿ ಹಿಡ್ಕಂಡು ಯಾಕ್ಲಾ ಅಗೀತಿದೀಯ, ಸಿಹಿ ಇರಾದು ಬುಡದಲ್ಲಿ ಕಣ್ಲಾ." ಅವರ ಮನೇಲಿ ಕಬ್ಬು ಬೆಳೀತಾರೆ, ಅವನಿಗೆ ಎಲ್ಲಕ್ಕೂ ಕಬ್ಬೇ ಸಿಗೋದು. ಆದ್ರೆ ಆ ವಾರ ಪೂರ್ತಿ ನಾನು ಅದನ್ನೇ ಯೋಚನೆ ಮಾಡ್ದೆ, ನೋಟ್‌ಬುಕ್ ತಗೊಂಡು ಕೂತು ಒಂದೊಂದು ಸ್ಪೆಲ್ಲೂ ಏನು ಕೊಡುತ್ತೆ ಅಂತ ಬರ್ದೆ.

ಬರೀತಾ ಬರೀತಾ ಒಂದು ವಿಷಯ ಕಾಣ್ತು. ಡ್ಯಾಮೇಜ್ ನಂಬರ್ ಕೊಡೋ ಸ್ಪೆಲ್‌ಗಳು ಮುದಿಯಾಗ್ತವೆ. ಮ್ಯಾಜಿಕ್ ಮಿಸೈಲ್ ಒಂದನೇ ಸ್ಲಾಟ್‌ಲಿ ಸರಾಸರಿ 10.5, ಅಡಲ್ಟ್ ರೆಡ್ ಡ್ರ್ಯಾಗನ್‌ಗೆ ಇರೋದು 256 ಹಿಟ್ ಪಾಯಿಂಟ್. ಸ್ಲೀಪ್ ಇನ್ನೂ ಪಾಪ, ಐದು ಡಿ8 ಅಂದ್ರೆ 22 ಚಿಲ್ಲರೆ ಹಿಟ್ ಪಾಯಿಂಟ್ ಇರೋರನ್ನ ಮಲಗಿಸುತ್ತೆ, ಮೊದಲೆರಡು ಲೆವೆಲ್‌ಲಿ ಅದೇ ರಾಜ, ಐದನೇ ಲೆವೆಲ್ ದಾಟಿದ್ರೆ ಯಾರೂ ಮಲಗಲ್ಲ. ಆದ್ರೆ "ಅರ್ಧ ಮಾಡು", "ಇಲ್ಲಿಂದ ಅಲ್ಲಿಗೆ ಹೋಗು", "ಬೀಳದ ಹಾಗೆ ನೋಡ್ಕೋ", "ಮಾತಾಡದ ಹಾಗೆ ಮಾಡು" ಅನ್ನೋ ಥರದ ಸ್ಪೆಲ್‌ಗಳಿಗೆ ವಯಸ್ಸೇ ಆಗಲ್ಲ. ಅಬ್ಸಾರ್ಬ್ ಎಲಿಮೆಂಟ್ಸ್ ಮೂರನೇ ಲೆವೆಲ್‌ಲಿ 12 ಡ್ಯಾಮೇಜನ್ನ 6 ಮಾಡ್ತಿತ್ತು, ಅವತ್ತು ಇದ್ದಿದ್ರೆ 66ನ್ನ 33 ಮಾಡ್ತಿತ್ತು. ಅದೇ ಸ್ಲಾಟು. ಎದುರಾಳಿ ದೊಡ್ಡೋನಾದಷ್ಟೂ ಅದು ದೊಡ್ಡದಾಗುತ್ತೆ.

ಇನ್ನೊಂದು, ಹದಿಮೂರನೇ ಲೆವೆಲ್‌ಲಿ ವಿಝರ್ಡ್‌ಗೆ ಒಟ್ಟು 17 ಸ್ಲಾಟು, ಅದರಲ್ಲಿ ಒಂದನೇದು 4, ಎರಡನೇದು 3. ಆ ಏಳು ಸ್ಲಾಟನ್ನ ಏನಕ್ಕೆ ಖರ್ಚು ಮಾಡ್ತೀರ ಅನ್ನೋದನ್ನ ಮೊದಲೇ ಯೋಚಿಸದೇ ಇದ್ರೆ ದಿನದ ಕೊನೇಲಿ ಹಾಗೇ ಉಳಿದಿರ್ತವೆ, ನನಗೆ ತುಂಬಾ ದಿನ ಹಾಗೇ ಉಳೀತಿದ್ವು.

ಶೀಲ್ಡ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ಬೇಕು. ಮೇಜ್ ಆರ್ಮರ್ ಸ್ಪೆಲ್ ಹಾಕ್ಕೊಂಡ್ರೆ ನನ್ನ ಎಸಿ (ನನಗೆ ಏಟು ತಾಗೋಕೆ ಎದುರಾಳಿಗೆ ಬರ್ಬೇಕಾದ ಸಂಖ್ಯೆ) 16, ಶೀಲ್ಡ್‌ಗೆ 21. 20 ಮುಖದ ದಾಳಕ್ಕೆ +6 ಸೇರಿಸೋ ಸೈನಿಕನಿಗೆ ನನ್ನ ಹೊಡೆಯೋ ಚಾನ್ಸ್ 55 ಪರ್ಸೆಂಟ್‌ನಿಂದ 30ಕ್ಕೆ ಇಳಿಯುತ್ತೆ. ಡ್ರ್ಯಾಗನ್‌ದು +14, ಅದಕ್ಕೆ 95ರಿಂದ 70ಕ್ಕೆ ಇಳಿಯುತ್ತೆ, ಅಷ್ಟೇನಾ ಅನ್ಸುತ್ತೆ, ಆದ್ರೆ ಇದನ್ನ ಹಾಕೋದು ಏಟು ಬಿತ್ತು ಅಂತ ಗೊತ್ತಾದ ಮೇಲೆ, ಮತ್ತೆ ನಿಮ್ಮ ಮುಂದಿನ ಟರ್ನ್ ಶುರುವಾಗೋವರೆಗೂ ಇರುತ್ತೆ, ಅಂದ್ರೆ ಉಗುರು ಬಾಲ ಎಲ್ಲದಕ್ಕೂ ಸೇರಿಸಿ. ನಮ್ಮ ಅಕ್ಕ ಟೋಟಲ್ ಎಷ್ಟು ಅಂತ ಬಾಯಿ ಬಿಟ್ಟು ಹೇಳ್ತಾರೆ, ಹಾಗಾಗಿ 25 ಬಂದಿದ್ರೆ ಸುಮ್ನೆ ಏಟು ತಿಂತೀನಿ, 20ರ ಒಳಗಿದ್ರೆ ಮಾತ್ರ ಹಾಕ್ತೀನಿ. ನಿಮ್ಮ ಡಿಎಂ ಹೇಳಲ್ಲ ಅಂದ್ರೆ ಲೆಕ್ಕ ಬೇರೆ.

ಕಷ್ಟ ಇರೋದು ಎಲ್ಲಿ ಅಂದ್ರೆ ರೌಂಡಿಗೆ ರಿಯಾಕ್ಷನ್ (ಬೇರೆಯವರ ಟರ್ನಲ್ಲೂ ತಕ್ಷಣ ಮಾಡೋದು) ಒಂದೇ. ಶೀಲ್ಡು, ಅಬ್ಸಾರ್ಬು, ಫೆದರ್ ಫಾಲು (ಬೀಳೋರನ್ನ ನಿಧಾನ ಇಳಿಸೋದು), ಕೌಂಟರ್‌ಸ್ಪೆಲ್ಲು (ಎದುರಾಳಿ ಸ್ಪೆಲ್ ತಡೆಯೋದು) ನಾಲ್ಕೂ ಅದೇ ಒಂದು ರಿಯಾಕ್ಷನ್‌ಗೆ ಕ್ಯೂ ನಿಂತಿರ್ತವೆ. ನಾನು ಡ್ರ್ಯಾಗನ್ ಮುಂದೆ ಬೆಂಕಿ ಉಸಿರು ಬರೋವರೆಗೆ ಶೀಲ್ಡ್ ಮುಟ್ಟಲ್ಲ, ಎರಡು ಏಟು ಬಿದ್ರೂ ಸಹಿಸ್ಕೋತೀನಿ. ಮಂತ್ರವಾದಿ ಇದ್ರೆ ಕೌಂಟರ್‌ಸ್ಪೆಲ್‌ಗೆ ಕಾಯ್ದಿರಿಸ್ತೀನಿ.

ಫೆದರ್ ಫಾಲ್ ನಾನು ಎರಡು ವರ್ಷದಲ್ಲಿ ಹಾಕಿರೋದು ಮೂರೇ ಸಲ. ಆದ್ರೆ ಒಂದು ಸಲ ಹಗ್ಗದ ಸೇತುವೆ ಕಿತ್ತೋಯ್ತು, ಗಗನಚುಕ್ಕಿ ಮುಂದೆ ನಿಂತಂಗೆ ಅಂದ್ಕೊಳ್ಳಿ ಅಂತ ಅಕ್ಕ ವರ್ಣಿಸಿದ್ರು, 150 ಅಡಿ ಆಳ, ಬಿದ್ರೆ ತಲಾ 15ಡಿ6. ಒಂದನೇ ಲೆವೆಲ್‌ದು ಒಂದೇ ಸ್ಲಾಟು, ಐದು ಜನರವರೆಗೂ ಹಿಡಿಯುತ್ತೆ, ನಾವು ನಾಲ್ಕೂ ಜನ ಎಲೆ ಉದುರಿದ ಹಾಗೆ ಇಳಿದ್ವಿ, ರೋಗ್ (ಕಳ್ಳನ ಥರದ ಪಾತ್ರ) ಇಳೀತಾ ಇಳೀತಾನೇ ಬಾಣ ಬಿಡ್ತಿದ್ದ.

ಮಿಸ್ಟಿ ಸ್ಟೆಪ್ ಎರಡನೇ ಲೆವೆಲ್‌ದು, 30 ಅಡಿ. ಕೈ ಕಟ್ಟಿದ್ರೂ ನಡೆಯುತ್ತೆ, ಬಾಯಿ ಮಾತು ಒಂದಿದ್ರೆ ಸಾಕು. ಒಂದು ಎಚ್ಚರ, ಬೋನಸ್ ಆಕ್ಷನ್‌ಲಿ ಸ್ಪೆಲ್ ಹಾಕಿದ ಟರ್ನಲ್ಲಿ ಆಕ್ಷನ್‌ಗೆ ಕ್ಯಾಂಟ್ರಿಪ್ (ಸ್ಲಾಟ್ ಬೇಡದ ಸ್ಪೆಲ್) ಬಿಟ್ಟು ಬೇರೆ ಸ್ಪೆಲ್ ಹಾಕೋಹಂಗಿಲ್ಲ, ನಮ್ಮ ಟೇಬಲ್‌ಲಿ ಇದು ಮರೆತು ಜಗಳ ಆಗಿದೆ.

ಕ್ಲೆರಿಕ್‌ದು ಸೈಲೆನ್ಸ್ (ಒಂದು ಜಾಗದಲ್ಲಿ ಸದ್ದೇ ಇಲ್ಲದ ಹಾಗೆ ಮಾಡೋದು) ಬಗ್ಗೆ ಹೇಳ್ಲೇಬೇಕು, ನನಗಂತೂ ಆಟದಲ್ಲೇ ಇಷ್ಟವಾದ ಎರಡನೇ ಲೆವೆಲ್ ಸ್ಪೆಲ್ ಅದು. ಸೇವ್ ಇಲ್ಲ. ಸೇವ್ ಇಲ್ಲ ಅಂದ್ರೆ ಲೆಜೆಂಡರಿ ರೆಸಿಸ್ಟೆನ್ಸ್‌ಗೆ ಅಲ್ಲಿ ಕೆಲಸವೇ ಇಲ್ಲ. ಶತ್ರು ಮಂತ್ರವಾದಿಯನ್ನ ಫೈಟರ್ ತಬ್ಬಿ ಹಿಡ್ಕೊಂಡ, ಕ್ಲೆರಿಕ್ ಅವರಿಬ್ಬರ ಮೇಲೂ ಸೈಲೆನ್ಸ್ ಹಾಕ್ದ, ಅಷ್ಟೊತ್ತಿಗೆ ನಮ್ಮನ್ನ ಸುಟ್ಟು ಹಾಕ್ತಿದ್ದ ಮನುಷ್ಯ ಬಾಯಿ ಆಡಿಸ್ತಾ ನಿಂತ.

ಫೈಂಡ್ ಫೆಮಿಲಿಯರ್ (ಜೊತೆಗಿರೋ ಪುಟ್ಟ ಪ್ರಾಣಿನ ಕರೆಸೋದು) ರಿಚುವಲ್, ಅಂದ್ರೆ ನಿಧಾನಕ್ಕೆ ಹಾಕಿದ್ರೆ ಸ್ಲಾಟೂ ಬೇಡ ಪ್ರಿಪೇರ್ ಮಾಡೋದೂ ಬೇಡ, ಪ್ರಾಣಿ ಸತ್ತೋದ್ರೆ ಮತ್ತೆ ಕರೆಸೋಕೆ 10 ಚಿನ್ನದ ನಾಣ್ಯದ ಸಾಮಾನು. ನನ್ನ ಗೂಬೆ ಹಾರಿ ಬಂದು ರೋಗ್‌ಗೆ ಹೆಲ್ಪ್ ಕೊಟ್ಟು ಹಾರಿ ಹೋಗುತ್ತೆ, ಅವನಿಗೆ ಅಡ್ವಾಂಟೇಜ್ (ಎರಡು ದಾಳ ಎಸೆದು ದೊಡ್ಡದು ತಗೊಳ್ಳೋದು) ಸಿಕ್ಕು ಸ್ನೀಕ್ ಅಟ್ಯಾಕ್‌ನ ಹೆಚ್ಚುವರಿ ಡ್ಯಾಮೇಜ್ ಬೀಳುತ್ತೆ.

ಮೂರು ವಾರದ ಮೇಲೆ ಅದೇ ಡ್ರ್ಯಾಗನ್ ಹತ್ರ ವಾಪಸ್ ಹೋದ್ವಿ. ಈ ಸಲ ಕ್ಲೆರಿಕ್ ಮೊದಲೇ ಬ್ಲೆಸ್ (ಸೇವ್‌ಗೆ ನಾಲ್ಕು ಮುಖದ ಒಂದು ದಾಳ ಸೇರಿಸೋದು) ಹಾಕಿದ್ದ, ನಾನು ಮತ್ತೆ ಹೇಸ್ಟ್. ಉಸಿರು ಬಂತು, 58, ಅಬ್ಸಾರ್ಬ್ ಹಾಕಿ 29 ತಿಂದೆ, ಕಾನ್ಸಂಟ್ರೇಷನ್ ಸೇವ್ 14ಕ್ಕೆ, ನನಗೆ ಬಂದಿದ್ದು 12, ಬ್ಲೆಸ್‌ನ ಡಿ4 ಎಸೆದ್ರೆ 3. ಹೇಸ್ಟ್ ಉಳೀತು. ಫೈಟರ್ ಆ ರೌಂಡಲ್ಲೇ ಅದರ ರೆಕ್ಕೆ ಕೆಳಗೆ ನುಗ್ಗಿ ಹೊಡೆದ, ಎರಡು ರೌಂಡ್ ಆದ್ಮೇಲೆ ಡ್ರ್ಯಾಗನ್ ಬಿತ್ತು. ಏಳನೇ ಲೆವೆಲ್ ಸ್ಲಾಟ್ ನನ್ನ ಹತ್ರ ಹಾಗೇ ಇತ್ತು.

ಬರೋ ಭಾನುವಾರ 14ನೇ ಲೆವೆಲ್ಲು, ಪುಸ್ತಕಕ್ಕೆ ಎರಡು ಹೊಸ ಸ್ಪೆಲ್ ಸೇರಿಸ್ಬೋದು. ಒಂದು ಏಳನೇದು ತಗೋತೀನಿ, ಇನ್ನೊಂದು ಫಾಗ್ ಕ್ಲೌಡ್. ದೊಡ್ಡ ದೊಡ್ಡ ಸ್ಪೆಲ್‌ಗಳಲ್ಲಿ ಎಷ್ಟೋ "ನಿನಗೆ ಕಾಣೋ ಟಾರ್ಗೆಟ್" ಅಂತ ಕೇಳ್ತವೆ, ಮಂಜು ಕವಿದ್ರೆ ಟಾರ್ಗೆಟ್ ಎಲ್ಲಿಂದ ಬರ್ಬೇಕು. ಅಡಲ್ಟ್ ಡ್ರ್ಯಾಗನ್‌ಗೆ 60 ಅಡಿ ಬ್ಲೈಂಡ್‌ಸೈಟ್ (ಕಣ್ಣಿಲ್ಲದೇ ಗ್ರಹಿಸೋ ಶಕ್ತಿ) ಇರೋದ್ರಿಂದ ಹತ್ರದಲ್ಲಿ ಅದಕ್ಕೆ ನಡೆಯಲ್ಲ, ಆದ್ರೆ ಅಕ್ಕ ಮುಂದೆ ಲಿಚ್ (ಸತ್ತ ಮೇಲೂ ಉಳಿದಿರೋ ಮಂತ್ರವಾದಿ) ತರ್ತಾರೆ ಅಂತ ಫೈಟರ್ ಮನೆ ಕಡೆಯಿಂದ ಸುಳಿವು ಸಿಕ್ಕಿದೆ.