‘ದಿ ಹಾಟ್ ರಾಕ್’ ಚಿತ್ರವನ್ನು ನೋಡುವ ಬಗೆ

1972ರಲ್ಲಿ ತೆರೆಕಂಡ ‘ದಿ ಹಾಟ್ ರಾಕ್’ ಪೆದ್ದು ಕಳ್ಳರ ಕಥೆಯೆಂದು ಹೆಸರಾಗಿದೆ. ಆದರೆ ಆ ಕಳ್ಳರನ್ನು ಪೆದ್ದರೆಂದು ಭಾವಿಸಿ ಕುಳಿತರೆ ಅದರ ಸೊಗಸು ಕೈಗೆ ಸಿಗುವುದಿಲ್ಲ. ಡೊನಾಲ್ಡ್ ವೆಸ್ಟ್‌ಲೇಕ್ ಅವರ ಕಾದಂಬರಿಯಿಂದ ವಿಲಿಯಂ ಗೋಲ್ಡ್‌ಮನ್ ಚಿತ್ರಕಥೆ ಬರೆದರು, ಪೀಟರ್ ಯೇಟ್ಸ್ ನಿರ್ದೇಶಿಸಿದರು. ಬ್ರೂಕ್ಲಿನ್ ಮ್ಯೂಸಿಯಂನ ವಜ್ರವೊಂದನ್ನು ಕದಿಯಲು ಹೊರಟ ನಾಲ್ವರು ಅದೇ ವಜ್ರದ ಬೆನ್ನುಹತ್ತಿ ಮತ್ತೆ ಮತ್ತೆ ಕನ್ನ ಹಾಕಬೇಕಾಗುತ್ತದೆ.

ನೋಡುವಾಗ ಪ್ರತಿ ಹಂತದಲ್ಲೂ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿ: ಯೋಜನೆಯಲ್ಲಿ ತಪ್ಪೇನಿತ್ತು, ಈಗ ವಜ್ರ ಯಾರ ಬಳಿ ಇದೆ? ಮ್ಯೂಸಿಯಂನಲ್ಲಿ ನಾಲ್ವರಲ್ಲೊಬ್ಬನಾದ ಗ್ರೀನ್‌ಬರ್ಗ್ ಗಾಜಿನ ಪೆಟ್ಟಿಗೆಯೊಳಗೇ ಸಿಕ್ಕಿಕೊಳ್ಳುವ ದೃಶ್ಯವನ್ನು ನಿಧಾನವಾಗಿ ಗಮನಿಸಿ. ಆದರೆ ಮುಂದೆ ಅವನನ್ನು ಸೆರೆಮನೆಯಿಂದ ಬಿಡಿಸುವ ಕೆಲಸವಾಗಲಿ ಪೊಲೀಸ್ ಠಾಣೆಯ ಮೇಲಿನ ದಾಳಿಯಾಗಲಿ ಕಸುಬಿನ ದೃಷ್ಟಿಯಿಂದ ಬಹುಮಟ್ಟಿಗೆ ಅಚ್ಚುಕಟ್ಟಾಗಿಯೇ ನಡೆಯುತ್ತವೆ. ಹೋದ ಕಡೆ ವಜ್ರವಿರುವುದಿಲ್ಲ, ಅಷ್ಟೆ. ದುಡಿಮೆಯೆಲ್ಲ ಸರಿಯಾಗಿದ್ದೂ ಫಲ ಕೈಗೆಟುಕದಿರುವ ಈ ಸಂಕಟವೇ ಚಿತ್ರದ ಹಾಸ್ಯದ ಬೇರು ಎಂಬುದು ನನ್ನ ದೃಢ ಅಭಿಪ್ರಾಯ.

ಆ ಸಂಕಟವನ್ನು ರಾಬರ್ಟ್ ರೆಡ್‌ಫರ್ಡ್ ಅವರ ಮುಖದಲ್ಲಿ ಓದಬೇಕು. ಅವರ ಡಾರ್ಟ್‌ಮಂಡರ್ ನಗಿಸಲು ಪ್ರಯತ್ನಿಸುವುದೇ ಇಲ್ಲ. ಹೊಟ್ಟೆಯ ಬೇನೆಯನ್ನು ಸಹಿಸುತ್ತ, ಬಿಗಿದ ಮುಖದಲ್ಲೇ ಮುಂದಿನ ಯೋಜನೆಗೆ ತೊಡಗುತ್ತಾನೆ. ಪಕ್ಕದಲ್ಲಿ ಅವನ ಭಾವಮೈದುನ ಕೆಲ್ಪ್ ಆಗಿ ಜಾರ್ಜ್ ಸೀಗಲ್ ಸದಾ ಉತ್ಸಾಹದಿಂದ ಪುಟಿಯುತ್ತಾರೆ. ಆರಂಭದಲ್ಲೇ, ಸೆರೆಯಿಂದ ಬಿಡುಗಡೆಯಾದ ಡಾರ್ಟ್‌ಮಂಡರ್‌ನನ್ನು ಕರೆದೊಯ್ಯಲು ಕೆಲ್ಪ್ ಕದ್ದ ಕಾರಿನಲ್ಲಿ ಬಂದು, ಅದನ್ನು ಹತೋಟಿಗೆ ತರಲಾಗದೆ ಪರದಾಡುವಾಗ ಇಬ್ಬರ ಸಂಬಂಧ ಪೂರ್ತಿ ತಿಳಿದುಬಿಡುತ್ತದೆ; ಆದ್ದರಿಂದ ಮೊದಲ ನಿಮಿಷಗಳನ್ನು ತಪ್ಪಿಸಿಕೊಳ್ಳಬೇಡಿ.

ಮಾತು ಬಿರುಸಾಗಿರುವುದರಿಂದ ಉಪಶೀರ್ಷಿಕೆಗಳನ್ನು ಹಾಕಿಕೊಳ್ಳುವುದು ಒಳ್ಳೆಯದು. ಹೆಲಿಕಾಪ್ಟರ್ ದೃಶ್ಯಕ್ಕೆ ಮಾತ್ರ ಸಾಧ್ಯವಾದಷ್ಟು ದೊಡ್ಡ ಪರದೆ ಬೇಕು: ಆಗಿನ್ನೂ ನಿರ್ಮಾಣ ಹಂತದಲ್ಲಿದ್ದ ವರ್ಲ್ಡ್ ಟ್ರೇಡ್ ಸೆಂಟರ್‌ನ ಪಕ್ಕದಲ್ಲೇ ಹಾರುವ ಆ ಚಿತ್ರಣ ಇಂದು ಒಂದು ಅಪರೂಪದ ದಾಖಲೆಯೂ ಹೌದು. ಕ್ವಿನ್ಸಿ ಜೋನ್ಸ್ ಅವರ ಜಾಜ್ ಸಂಗೀತಕ್ಕೂ ಕಿವಿಗೊಡಿ.

ಸಂಕಲನಕ್ಕಾಗಿ ಈ ಚಿತ್ರ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತ್ತು. ಅದನ್ನು ಪರೀಕ್ಷಿಸಲು ಎರಡನೆಯ ವೀಕ್ಷಣೆಯಲ್ಲಿ ಯಾವುದಾದರೂ ಒಂದು ಕಳ್ಳತನವನ್ನು ಆರಿಸಿಕೊಂಡು, ನಾಲ್ವರಲ್ಲಿ ಯಾರು ಎಲ್ಲಿದ್ದಾರೆಂಬುದು ಪ್ರತಿ ಕ್ಷಣವೂ ನಮಗೆ ಹೇಗೆ ತಿಳಿಯುತ್ತಿದೆ ಎಂದು ನಿಲ್ಲಿಸಿ ನಿಲ್ಲಿಸಿ ನೋಡಿ. ಮೊದಲ ಬಾರಿ ನೋಡುವವರು ಜೊತೆಗಿದ್ದರೆ, ಕೊನೆಯ ಬ್ಯಾಂಕಿನ ಯೋಜನೆ ಏನೆಂಬುದನ್ನು ಅವರಿಗೆ ಮುಂಚಿತವಾಗಿ ಹೇಳಬಾರದು.