ಕಟ್‌ಆಫ್ ಬೋರ್ಡಿಗೆ ಬಂದದ್ದು ಹೀಗೆ

ಪ್ಲೇಸ್‌ಮೆಂಟ್ ವಿಷಯಕ್ಕೆ ಸತ್ಯಾಗ್ರಹ ಮಾಡಿದರೆ ಕೆಲಸ ಕೊಡಲು ಕಾಲೇಜಿಗೆ ಕಂಪನಿಗಳು ಬರುವುದೇ ನಿಲ್ಲುತ್ತದೆ ಅಂತ ಸೀನಿಯರ್‌ಗಳೂ ಹೇಳಿದ್ದರು, ಮೇಷ್ಟ್ರುಗಳೂ ಹೇಳಿದ್ದರು. ಕಂಪನಿಗಳು ಬಂದವು. ಕಟ್‌ಆಫ್, ಅಂದರೆ ಕೂರಲು ಬೇಕಾದ ಕನಿಷ್ಠ ಅಂಕ, ಈಗ ಡ್ರೈವ್‌ಗೆ (ಕಂಪನಿ ಬಂದು ಆಯ್ಕೆ ನಡೆಸುವುದಕ್ಕೆ) ಮೊದಲೇ ಬೋರ್ಡಿಗೆ ಬೀಳುತ್ತಿದೆ, ಯಾರ ಹೆಸರನ್ನಾದರೂ ಪಟ್ಟಿಯಿಂದ ಕೈಬಿಟ್ಟರೆ ಕಾರಣ ಬರೆಯುತ್ತಾರೆ.

ನಮ್ಮ ತಕರಾರು ನಿಮಗೂ ಗೊತ್ತಿರುವುದೇ. ಕಂಪನಿ ಕೇಳಿದ ಕಟ್‌ಆಫ್ ಒಂದು, ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್ ಹಾಕುವುದು ಇನ್ನೊಂದು. ಪ್ಲೇಸ್‌ಮೆಂಟ್ ಶುಲ್ಕ ಮಾತ್ರ ಎಲ್ಲರಿಂದ ವಸೂಲಿ. ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಇರುವವನೂ ಕಟ್ಟಬೇಕು, ಆದರೆ ಒಂದು ಡ್ರೈವ್‌ಗೂ ಕೂರುವಂತಿಲ್ಲ.

ಸಹಿ ಸಂಗ್ರಹ ಮಾಡಿದೆವು. ಆ ಕಾಗದ ಎಲ್ಲಿ ಹೋಯಿತೋ! ಕಪ್ಪು ಪಟ್ಟಿ ಕಟ್ಟಿಕೊಂಡೆವು. ಬಂದ ಹೆಚ್‌ಆರ್‌ನವರು ಯಾವುದೋ ಕ್ಲಬ್ ಕಾರ್ಯಕ್ರಮ ಅಂದುಕೊಂಡರು. ಆಮೇಲೆ ಒಂದು ದೊಡ್ಡ ಡ್ರೈವ್‌ಗೆ ಬಹಿಷ್ಕಾರ. ಬೆಳಗ್ಗೆ ನೋಡಿದರೆ ಮುಕ್ಕಾಲು ಪಾಲು ಹುಡುಗರು ಟೈ ಕಟ್ಟಿಕೊಂಡು ಒಳಗೆ ಕೂತಿದ್ದರು. ಅವರನ್ನು ಬೈಯುವುದು ಹೇಗೆ? ಮನೆಯಲ್ಲಿ ಶಿಕ್ಷಣ ಸಾಲದ ಕಂತು ಕಾಯುತ್ತಿದೆ. ಕೆಲಸವೇ ಸಿಗದವನು ಬಿಟ್ಟುಕೊಡುವುದಾದರೂ ಏನನ್ನು?

ಅಮೆರಿಕದ ಮಾಂಟ್‌ಗೊಮರಿಯಲ್ಲಿ ಬಸ್ಸಿನ ವರ್ಣಭೇದ ವಿರೋಧಿಸಿ ಕಪ್ಪು ಜನ 381 ದಿನ ಬಸ್ ಹತ್ತಲಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಆ ದಿನಗಳಲ್ಲಿ ನೂರಾರು ಕಾರುಗಳು ಜನರನ್ನು ಕೆಲಸಕ್ಕೆ ಬಿಟ್ಟು ಬರುತ್ತಿದ್ದವು, ಅದಕ್ಕೆ ಚಂದಾ ಎತ್ತುತ್ತಿದ್ದರು. ಆ ಭಾಗ ಯಾರೂ ಹೇಳಲ್ಲ. ನಾವೂ ಮೊದಲು ದುಡ್ಡು ಕೂಡಿಸಿದೆವು. ಆಫರ್ ಲೆಟರ್ ಕೈಯಲ್ಲಿದ್ದವರು ತಲಾ ಒಂದು ತಿಂಗಳ ಮೆಸ್ ಬಿಲ್‌ನಷ್ಟು ಹಾಕಿದರು. ಸುಮಾರು ನಲವತ್ತು ಜನ ಇರಬಹುದು. ಡಿಬಾರ್ ಆದವರ, ಅಂದರೆ ಡ್ರೈವ್‌ಗೆ ಕೂರದಂತೆ ತಡೆದವರ, ಹೊರಗಿನ ಪರೀಕ್ಷೆಗಳ ಶುಲ್ಕ, ಬಸ್ ಚಾರ್ಜ್ ಇದರಲ್ಲೇ ನಡೆಯಿತು. ಹೆಚ್ಚುಕಮ್ಮಿ ಅರ್ಧ ದುಡ್ಡು ಜೆರಾಕ್ಸಿಗೇ ಹೋಯಿತು, ಅದು ಬೇರೆ ಕಥೆ.

ಜೆರಾಕ್ಸ್ ಯಾಕೆ ಅಂದರೆ ಚಂಪಾರಣ್. 1917ರಲ್ಲಿ ಗಾಂಧೀಜಿ ಅಲ್ಲಿ ಸಾವಿರಾರು ರೈತರ ಹೇಳಿಕೆ ಬರೆಸಿಕೊಂಡರು. ನಾವು ಒಂದು ಪುಟದ ಫಾರ್ಮ್ ಮಾಡಿ ಹಳೆಯ ಬ್ಯಾಚ್‌ಗಳಿಗೂ ಹಂಚಿದೆವು. ನೂರೈವತ್ತರ ಹತ್ತಿರ ವಾಪಸ್ ಬಂದವು. ಅಂಕ ಅಷ್ಟೇ, ಬ್ರಾಂಚ್ ಅದೇ, ಒಬ್ಬನ ಹೆಸರು ಕಂಪನಿಗೆ ಹೋಗಿದೆ, ಇನ್ನೊಬ್ಬನದು ಇಲ್ಲ. ಇಂಥ ಜೋಡಿಗಳೇ ಹದಿನೈದೋ ಇಪ್ಪತ್ತೋ ಸಿಕ್ಕವು. ಕಂಪನಿ ನಿಜಕ್ಕೂ ಕೇಳಿದ ಕಟ್‌ಆಫ್ ನಮಗೆ ಹೇಗೆ ಸಿಕ್ಕಿತು ಅನ್ನುವುದನ್ನು ಇಲ್ಲಿ ಬರೆಯಲ್ಲ. ಜೂನಿಯರ್‌ಗಳಿಗೆ ಇನ್ನೂ ಬೇಕಾಗುತ್ತದೆ.

ನಡುವೆ ಒಂದು ಪ್ರಯೋಗ. ಹೆಸರು, ಬ್ರಾಂಚ್ ಮುಚ್ಚಿದ ರೆಸ್ಯೂಮೆಗಳನ್ನು ಸೆಲ್‌ನ ಕೆಲಸ ಮಾಡುವ ನಮ್ಮ ವಿದ್ಯಾರ್ಥಿ ಕೋಆರ್ಡಿನೇಟರ್‌ಗಳ ಕೈಗೇ ಕೊಟ್ಟು ಹತ್ತು ಆರಿಸಿ ಅಂದೆ. ಸೆಲ್ ಆರಿಸಿದ್ದ ಪಟ್ಟಿಯ ಮೂರೋ ನಾಲ್ಕೋ ಹೆಸರು ಮಾತ್ರ ಹೊಂದಿದವು. ಹೋರಾಟಕ್ಕೆ ಇದು ಉಪಯೋಗಕ್ಕೆ ಬರಲಿಲ್ಲ, ಆದರೆ ಅವರೆಲ್ಲ ನಮ್ಮ ಕಡೆ ಬಂದದ್ದು ಅವತ್ತೇ.

ಉಪವಾಸ ಕೂರೋಣ ಅಂತ ಕೆಲವರು ಹಟ ಹಿಡಿದರು. ನಾನು ಒಪ್ಪಲಿಲ್ಲ. 1918ರ ಅಹಮದಾಬಾದ್ ಗಿರಣಿ ಮುಷ್ಕರದಲ್ಲಿ ಗಾಂಧೀಜಿಯ ಉಪವಾಸ ಮಾಲೀಕರಿಗೆ ತಟ್ಟಿತು, ಯಾಕೆಂದರೆ ಅವರು ಸ್ನೇಹಿತರು. ಅದು ಒತ್ತಡ ಹಾಕಿದಂತಾಯಿತು ಅಂತ ಆಮೇಲೆ ಗಾಂಧೀಜಿಗೇ ಅನ್ನಿಸಿತ್ತು. ನಮ್ಮ ಪ್ಲೇಸ್‌ಮೆಂಟ್ ಆಫೀಸರ್‌ಗೆ ನಾವು ಯಾವ ಸ್ನೇಹಿತರು?

ಹಿಡಿತ ಇದ್ದದ್ದು ಬೇರೆ ಕಡೆ. ಸೆಲ್ ನಡೆಯುವುದೇ ಬಿಟ್ಟಿ ದುಡಿಯುವ ಕೋಆರ್ಡಿನೇಟರ್‌ಗಳಿಂದ, ಅಲ್ವಾ? ಅವರಲ್ಲಿ ಹೆಚ್ಚಿನವರಿಗೆ ಆಗಲೇ ಆಫರ್ ಇತ್ತು. ಹೋದರೆ ಒಂದು ಸರ್ಟಿಫಿಕೇಟ್ ಹೋಗುತ್ತದೆ, ಅಷ್ಟೇ. ದಂಡಿಗೆ ಹೊರಡುವ ಮೊದಲು, 1930ರ ಮಾರ್ಚ್ 2ರಂದು, ಗಾಂಧೀಜಿ ವೈಸ್‌ರಾಯ್‌ಗೆ ಪತ್ರ ಬರೆದಿದ್ದರು. ನಡಿಗೆ ಶುರುವಾಗಿದ್ದು 12ಕ್ಕೆ. ನಾವೂ ಹಾಗೇ ಪತ್ರದಲ್ಲಿ ಗಡುವು ಕೊಟ್ಟು, ಫಾರ್ಮ್‌ಗಳ ಪ್ರತಿ ಲಗತ್ತಿಸಿ, ಕೋಆರ್ಡಿನೇಟರ್‌ಗಳ ಕೆಲಸ ನಿಲ್ಲಿಸಿದೆವು.

ಮೊದಲ ಡ್ರೈವ್‌ನಲ್ಲಿ ನೋಂದಣಿಯೇ ಮಧ್ಯಾಹ್ನದವರೆಗೆ ಎಳೆಯಿತು. ಪರೀಕ್ಷೆಗೆ ಬಂದವರಿಗೆ ತೊಂದರೆ ಆಗಬಾರದು ಅಂತ ಇಬ್ಬರು ಬಾಗಿಲಲ್ಲಿ ನಿಂತು ಕೊಠಡಿ ತೋರಿಸಿದರು. ಕಂಪನಿಯವರ ಹತ್ತಿರ ಒಂದು ದೂರೂ ಹೇಳಲಿಲ್ಲ. ವಾಲಂಟಿಯರ್‌ಗಳು ಎಲ್ಲಿ ಅಂತ ಅವರೇ ಕೇಳಿದರು. ಎರಡನೇ ಡ್ರೈವ್‌ಗೆ ಮೊದಲೇ ಆಫೀಸರ್ ನಮ್ಮನ್ನು ಕರೆಸಿದರು.

ಡ್ರೈವ್‌ಗೆ ಕೂರಿಸದವರ ಶುಲ್ಕದಲ್ಲಿ ಅರ್ಧ ವಾಪಸ್ ಬಂದಿದೆ. ಉಳಿದರ್ಧಕ್ಕೆ ಜೂನಿಯರ್‌ಗಳು ಹೋದ ವಾರ ಪತ್ರ ಕೊಟ್ಟಿದ್ದಾರೆ.